ಅಂಕಲಿಯ ಭಟ್ಟಿಗೆ ಬಂದ ಹನ್ನೊಂದು ಮಂದಿ

ಎಂಬತ್ತೇಳನೇ ಇಸವಿಯ ಮಾತು. ಅಂಕಲಿಯ ಮುರಗೆಪ್ಪನ ಇಟ್ಟಂಗಿ ಭಟ್ಟಿಗೆ ಆ ವರ್ಷ ಆಳು ಸಿಗಲಿಲ್ಲ. ಊರವರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಆಗ ಆಳು ಒದಗಿಸುವ ಬಾಳಾಸಾಬ ಎಂಬ ಮುಕಾದಮ ಎಲ್ಲಿಂದಲೋ ಹನ್ನೊಂದು ಮಂದಿ ಕೂಲಿಯವರನ್ನು ಕರಕೊಂಡು ಬಂದ.

ಮುರಗೆಪ್ಪನ ಹೆಂಡತಿ ಗೌರಾಬಾಯಿಗೆ ಮೊದಲ ದಿನದಿಂದಲೇ ಕುತೂಹಲ. ಆ ಜನರ ಮಾತು ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ.

"ಇವರು ಯಾವ ಊರವರ್ರಿ?" ಎಂದು ಗಂಡನನ್ನು ಕೇಳಿದಳು.

"ಯಾವ ಊರಾದ್ರ ನಮಗೇನ? ಇಟ್ಟಂಗಿ ಚೊಲೋ ಬರಾಕತ್ತಾವಲ್ಲ."

"ಹೆಸರರೆ ಗೊತ್ತೈತೇನ್ರಿ?"

"ಮುಕಾದಮಗ ಗೊತ್ತಿರ್ತೈತಿ, ತಗೊ."

ಅವಳಿಗೆ ಸಮಾಧಾನವಾಗಲಿಲ್ಲ. ಮರುದಿನ ಮಜ್ಜಿಗೆಯ ನೆಪ ಮಾಡಿಕೊಂಡು ಭಟ್ಟಿಗೆ ಹೋದಳು. ಒಬ್ಬ ಹೆಂಗಸಿನ ಜೊತೆ ಮಾತಿಗಿಳಿಯುವಷ್ಟರಲ್ಲಿ ಬಾಳಾಸಾಬ ಅಡ್ಡ ಬಂದ.

"ವೈನಿ, ಏನಿದ್ರೂ ನನ್ನ ಕೇಳ್ರಿ. ಅವರ ಕೂಡ ಮಾತು ಬ್ಯಾಡ."

ಯಾಕೆ ಬೇಡ? ಮನೆಗೆ ಬರುವ ದಾರಿಯುದ್ದಕ್ಕೂ ಗೌರಾಬಾಯಿ ಅದನ್ನೇ ಯೋಚಿಸಿದಳು.

ಮೂರು ತಿಂಗಳಾಗಿತ್ತು. ಒಂದು ಮುಂಜಾನೆ ಒಟ್ಟಿದ್ದ ಹಸಿ ಇಟ್ಟಂಗಿಯ ಸಾಲು ಕುಸಿದು ಒಬ್ಬ ಆಳಿನ ಕಾಲು ಮುರಿಯಿತು. ಟ್ರಾಕ್ಟರಿನಲ್ಲಿ ಹಾಕಿಕೊಂಡು ಎಲ್ಲರೂ ಚಿಕ್ಕೋಡಿಯ ದವಾಖಾನೆಗೆ ಓಡಿದರು. ಡಾಕ್ಟರು ಪೆನ್ನು ತೆಗೆದು ಕೇಳಿದರು, "ಪೇಶಂಟ್ ಹೆಸರೇನ್ರಿ?"

ಮುರಗೆಪ್ಪನಿಗೆ ಹೆಸರು ಗೊತ್ತಿರಲಿಲ್ಲ. ಬಾಳಾಸಾಬನಿಗಾಗಿ ಹಿಂದೆ ನೋಡಿದ. ಚಹಾ ಕುಡಿದು ಬರುತ್ತೇನೆಂದು ಹೋದ ಬಾಳಾಸಾಬ ತಿರುಗಿ ಬರಲೇ ಇಲ್ಲ.

ಗೌರಾಬಾಯಿ ಆ ಆಳಿನ ಹೆಂಡತಿಯ ಪಕ್ಕ ನೆಲದ ಮೇಲೆ ಕೂತು, ಬಂದಷ್ಟು ಹಿಂದಿಯಲ್ಲಿ ಕೇಳಿದಳು. ಅವನ ಹೆಸರು ಬುಧಾರು. ಊರು ಮಧ್ಯಪ್ರದೇಶದ ಬಿಲಾಸಪುರದ ಕಡೆ. ಮೂರು ತಿಂಗಳ ಪಗಾರವೆಲ್ಲ ಮುಕಾದಮನ ಹತ್ತಿರವೇ. ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಬುಧಾರುವಿನ ಹೆಂಡತಿ ಅಳುತ್ತ ಒಂದೇ ಮಾತು ಕೇಳಿದಳು, "ಇವರು ಸತ್ತಿದ್ದರೆ ಊರಲ್ಲಿರುವ ಅತ್ತೆಗೆ ಯಾರು ತಿಳಿಸುತ್ತಿದ್ದರು?"



ದವಾಖಾನೆಯಿಂದ ಸುದ್ದಿ ತಿಳಿದು ಲೇಬರ್ ಇನ್‌ಸ್ಪೆಕ್ಟರ್ ಕಾಮಣ್ಣ ಭಟ್ಟಿಗೆ ಬಂದರು.

"ಸಾಹೇಬ್ರ, ಆಳು ತಂದಾಂವ ಬಾಳಾಸಾಬ. ನನ್ನ ತಪ್ಪೇನೈತ್ರಿ?" ಎಂದ ಮುರಗೆಪ್ಪ.

"ಭಟ್ಟಿ ಯಾರದ್ರಿ?"

"ನಂದ."

"ಹಂಗಾರ ಜವಾಬ್ದಾರಿನೂ ನಿಮ್ದ. ಬ್ಯಾರೆ ರಾಜ್ಯದಿಂದ ಮುಕಾದಮ ತಂದ ಐದು ಮಂದಿ ದುಡಿದ್ರೂ ಸಾಕು, ಮಾಲಕ ನೋಂದಣಿ ಮಾಡಿಸಬೇಕು. ಮುಕಾದಮನ ಕಡೆ ಲೈಸೆನ್ಸ್ ಇರಬೇಕು. ಒಬ್ಬೊಬ್ಬರ ಕೈಯಾಗೂ ಫೋಟೊ ಹಚ್ಚಿದ ಪಾಸ್‌ಬುಕ್ ಇರಬೇಕು. ಎಪ್ಪತ್ತೊಂಬತ್ತರಾಗ ಆದ ಕಾಯ್ದೆ ಇದು."

"ಇರಲಿಲ್ಲಂದ್ರ ಏನಾಗ್ತೈತ್ರಿ?" ಎಂದಳು ಗೌರಾಬಾಯಿ.

"ಒಂದು ವರ್ಷದ ತನಕ ಜೇಲು, ಇಲ್ಲಾ ಸಾವಿರ ರೂಪಾಯಿ ತನಕ ದಂಡ. ಎರಡೂ ಆಗಬಹುದು, ತಾಯಿ. ಮುಕಾದಮ ಕೊಡದ ಪಗಾರ, ದವಾಖಾನಿ ಖರ್ಚು, ಎಲ್ಲಾ ಮಾಲಕನ ಮ್ಯಾಲ."

"ಮುಕಾದಮಗ ಒಮ್ಮೆ ಕೊಟ್ಟೇನ್ರಿ! ಮತ್ತ ಕೊಡೂದಾ?" ಮುರಗೆಪ್ಪ ಸಿಡಿದ.

"ಕೊಡಬೇಕ್ರಿ. ಆಮ್ಯಾಲ ಅವನ ಕಡಿಂದ ವಸೂಲ ಮಾಡ್ಕೊರಿ, ಸಿಕ್ರ."

"ಆ ಪಾಸ್‌ಬುಕ್ಕಿನಿಂದ ಅವರಿಗೇನು ಉಪಯೋಗ್ರಿ?" ಗೌರಾಬಾಯಿ ಬಿಡಲಿಲ್ಲ.

"ಎಷ್ಟು ಪಗಾರ, ಎಷ್ಟು ದಿನ, ಎಲ್ಲಾ ಅದರಾಗ ಬರೀತಾರ. ಊರು, ಹೆಸರು ಕಾಗದದ ಮ್ಯಾಲ ಇದ್ರ, ಹಿಂಗ ಏನರೆ ಆದಾಗ ಮನಿಯವರಿಗೆ ಸುದ್ದಿ ಮುಟ್ಟತೈತಿ. ಮುಟ್ಟಿಸಬೇಕಂತನ ಕಾಯ್ದೆ ಐತಿ."

ಅವರು ಹೋದ ಮೇಲೂ ಮುರಗೆಪ್ಪ ಗೊಣಗುತ್ತಲೇ ಇದ್ದ. "ಗೊತ್ತಿಲ್ಲದ್ದಕ್ಕ ದಂಡ ಎಂಥಾದ್ದು!"

"ಗೊತ್ತಿರಲಿಲ್ಲ ಅಂತ ಅಲ್ರಿ," ಎಂದಳು ಗೌರಾಬಾಯಿ ಮೆಲ್ಲಗೆ. "ನಾವು ಕೇಳಲೇ ಇಲ್ಲ."

ಮುರಗೆಪ್ಪನ ಮೇಲೆ ಕೇಸಾಯಿತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಹನ್ನೊಂದು ಮಂದಿಯ ಪಗಾರ ಅವರವರ ಕೈಯಲ್ಲೇ ಇಟ್ಟ. ಬುಧಾರು ಕೋಲೂರಿ ನಡೆಯುವಂತಾದ ಮೇಲೆ, ಗಂಡ ಹೆಂಡತಿ ಇಬ್ಬರನ್ನೂ ತಾನೇ ಕುಡಚಿ ಸ್ಟೇಷನ್ನಿಗೆ ಕರಕೊಂಡು ಹೋಗಿ ರೈಲು ಹತ್ತಿಸಿದ. ಮರುವರ್ಷ ಹಂಗಾಮು ಶುರುವಾಗುವ ಮೊದಲೇ ಬೆಳಗಾವಿಗೆ ಹೋಗಿ ಭಟ್ಟಿಯ ನೋಂದಣಿ ಮಾಡಿಸಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಭಟ್ಟಿಯಲ್ಲಿ, ಕಲ್ಲಿನ ಖಣಿಯಲ್ಲಿ ಹೊರರಾಜ್ಯದವರು ದುಡಿಯುತ್ತಿದ್ದಾರೆಯೇ? ಮುಕಾದಮನ ಬಾಯಿಮಾತು ನಂಬಿ ಕೂರಬೇಡಿ. ಅವನ ಲೈಸೆನ್ಸ್ ಕೇಳಿ, ಅವರ ಪಾಸ್‌ಬುಕ್ ನೋಡಿ. ತಿಳಿಯದಿದ್ದರೆ ಕಾರ್ಮಿಕ ಕಚೇರಿಗೆ ಹೋಗಿ ವಿಚಾರಿಸಿ. ಕೇಳುವುದಕ್ಕೆ ಯಾವ ಕಾಯ್ದೆಯಲ್ಲೂ ದಂಡವಿಲ್ಲ.