ಉತ್ತರಕ್ಕೆ ಬಾಗಿಲಿಟ್ಟ ಕಲ್ಲುಮನೆ

ಆರು ವರ್ಷದ ಖುಲಾನ್ ಕಲ್ಲುಗಳ ಜೊತೆ ಮಾತಾಡುತ್ತಿದ್ದಳು. ಅದೇನೂ ಹೊಸದಲ್ಲ. ಖಂಗಾಯ್ ಬೆಟ್ಟದ ತಪ್ಪಲಲ್ಲಿ ಮಕ್ಕಳೆಲ್ಲ ಹೊಳೆಗಲ್ಲು ಆಯ್ದು ತಂದು ಮನೆಯಾಟ ಆಡುತ್ತಾರೆ. ದುಂಡಗೆ ಜೋಡಿಸಿದರೆ ತಾವಿರುವಂಥ ಕಂಬಳಿಗುಡಾರ, ಬಿಳಿಗಲ್ಲು ಕುರಿ, ಕೆಂಗಲ್ಲು ಕುದುರೆ. ಅಜ್ಜಿ ದುಲ್ಮಾ ಕೂಡ ಹಾಗೆ ಆಡಿ ಬೆಳೆದವಳೇ. ಆದರೂ ಮೊಮ್ಮಗಳ ಆಟದ ಮೇಲೆ ಅವಳಿಗೆ ಗುಮಾನಿ ಹತ್ತಿತ್ತು.

ಖುಲಾನ್ ತನ್ನ ಕಲ್ಲುಮನೆಗೆ ಉತ್ತರ ದಿಕ್ಕಿಗೆ ಬಾಗಿಲಿಡುತ್ತಿದ್ದಳು.

ಅಲ್ಲಿ ಬದುಕಿದವರ ಮನೆಯ ಬಾಗಿಲು ದಕ್ಷಿಣಕ್ಕೆ, ಉತ್ತರ ಸತ್ತವರ ದಿಕ್ಕು. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮಕ್ಕಳು ಆಡಿದ್ದು ಮುಂದೆ ನಡೆದೇ ತೀರುತ್ತದೆ ಎಂದು ಹಿರಿಯರು ಹೇಳುತ್ತಿದ್ದುದು ದುಲ್ಮಾಳ ತಲೆ ಕೊರೆಯತೊಡಗಿತು. ಕಳೆದ ಚಳಿಗಾಲದ ಹಿಮಗಾಳಿಗೆ ಅರ್ಧ ಮಂದೆ ಸತ್ತಿತ್ತು. ಮಗ ದುಡಿಯಲೆಂದು ದೂರದ ಗಣಿಗೆ ಹೋಗಿದ್ದ. ಇನ್ನು ಯಾರ ಸರದಿ?

"ಯಾರೇ ಹೇಳ್ಕೊಟ್ಟಿದ್ದು ನಿಂಗೆ, ಹಿಂಗೆ ಬಾಗಿಲಿಡು ಅಂತ? ಯಾರ ಹತ್ರ ಮಾತಾಡ್ತಿದ್ದೀಯ?"

ಖುಲಾನ್ ಬಾಗಿಲ ಕಲ್ಲನ್ನು ಇನ್ನಷ್ಟು ಸರಿಸಿದಳು. ದುಲ್ಮಾ ಬೂಟುಗಾಲಲ್ಲಿ ಕಲ್ಲುಮನೆಯನ್ನು ಒದ್ದಳು.

ಅಂದಿನಿಂದ ಹುಡುಗಿ ಆಟ ಬಿಟ್ಟಳು. ಮಾತೂ ಬಿಟ್ಟಳು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಒಣಗುತ್ತಿತ್ತು.

ಹತ್ತನೆಯ ದಿನ ಆರೋಗ್ಯ ಕಾರ್ಯಕರ್ತೆ ಒತ್ಗೊನ್ ಬೈಕಿನಲ್ಲಿ ಬಂದು, "ನಾಯಿ ಹಿಡ್ಕೊಳ್ಳಿ!" ಎಂದು ಹೊರಗಿನಿಂದಲೇ ಕೂಗಿದಳು. ದುಲ್ಮಾಳ ಕಣ್ಣು ಮೊದಲು ಹೋದದ್ದು ಅವಳ ಬಗಲಲ್ಲಿದ್ದ ದಾಖಲೆ ಪುಸ್ತಕಕ್ಕೆ.

"ಮಗು ಹೇಗಿದೆ ಅಜ್ಜಿ?"

"ಗುಂಡುಕಲ್ಲಿನ ಹಾಗಿದೆ. ಲಸಿಕೆ ಚುಚ್ಚಿ ಹೊರಡು."

"ಚಹಾನೂ ಇಲ್ವಾ?"

"ಚಹಾ ಕುಡಿ. ಆ ಪುಸ್ತಕ ಮಾತ್ರ ತೆಗೀಬೇಡ. ಮಗೂಗೆ ತಲೆ ಕೆಟ್ಟಿದೆ ಅಂತ ನೀನು ಗೀಚಿದ್ರೆ, ನಾಳೆ ಶಾಲೆಗೆ ಸೇರಿಸ್ಕೊಳ್ತಾರಾ?"

"ತಲೆ ಕೆಟ್ಟಿದೆ ಅಂತ ನಾನೆಲ್ಲಂದೆ?"

ಅಜ್ಜಿಯ ಬಾಯಿ ಜಾರಿತ್ತು. ಪುಸ್ತಕವನ್ನು ಒತ್ಗೊನ್ ಚೀಲದೊಳಗೆ ಹಾಕಿದ ಮೇಲೆಯೇ ದುಲ್ಮಾ ನಡೆದದ್ದನ್ನೆಲ್ಲ ಹೇಳಿದಳು.

"ನಮಗೆ ದುಃಖ ಆದ್ರೆ ಯಾರ ಹತ್ರನೋ ಹೇಳ್ಕೊಂಡು ಅಳ್ತೀವಿ," ಎಂದಳು ಒತ್ಗೊನ್. "ಆರು ವರ್ಷದ್ದಕ್ಕೆ ಅಷ್ಟು ಮಾತು ಎಲ್ಲಿಂದ ಬರ್ಬೇಕು? ಅದು ಆಡಿ ತೋರಿಸುತ್ತೆ. ಕಲ್ಲಿನ ಜೊತೆ ಮಾತಾಡಿದ್ದಕ್ಕೆ ನಂಗೇನೂ ಭಯ ಇಲ್ಲ ಅಜ್ಜಿ. ಆಟ ನಿಲ್ಸಿದಾಳಲ್ಲ, ಅದು ಭಯ."

"ಪಟ್ಟಣದಲ್ಲಿ ಎರಡಕ್ಷರ ಕಲಿತು ಬಂದು ಕಲ್ಲಿಗೂ ಮದ್ದು ಹೇಳ್ತೀಯ!"

ಒತ್ಗೊನ್ ನಕ್ಕು ಅಂಗಳಕ್ಕಿಳಿದಳು. ಚೆಲ್ಲಿದ್ದ ಕಲ್ಲುಗಳನ್ನು ದುಂಡಗೆ ಜೋಡಿಸಿ, ಒಂದು ದೊಡ್ಡ ಕಲ್ಲನ್ನು ನಡುವೆ ಇಟ್ಟಳು. "ಇದು ಒಂಟೆ. ಒಲೆ ಪಕ್ಕ ಮಲಗುತ್ತೆ."

ಹೊಸ್ತಿಲಲ್ಲಿದ್ದ ಖುಲಾನ್‌ಗೆ ತಡೆಯಲಾಗಲಿಲ್ಲ. "ಥೂ! ಒಂಟೆ ಒಳಗೆ ಹಿಡಿಸುತ್ತಾ?"

ಹತ್ತು ದಿನದಲ್ಲಿ ಮೊದಲ ಮಾತು. ಹುಡುಗಿ ಬಂದು ಒಂಟೆಯನ್ನು ಆಚೆಗಿಟ್ಟಳು. ಉತ್ತರದ ಕಡೆಯ ಎರಡು ಕಲ್ಲು ಕಿತ್ತಳು.

"ಬಾಗಿಲು ಇಲ್ಲಿ."

"ಇಲ್ಲ್ಯಾಕೆ?"

"ಕಂದು ಕುದುರೆಮರಿ ಇಲ್ಲಿಂದ ಬರುತ್ತೆ. ಅವತ್ತು ಗೋಡೆ ಗುದ್ದಿತ್ತು. ಬಾಗಿಲು ಆ ಕಡೆ ಇತ್ತಲ್ಲ, ಪಾಪ, ಸಿಗ್ಲಿಲ್ಲ. ಅಜ್ಜಿ ಅದನ್ನ ಗಾಳಿ ಅಂದ್ಲು." ಖುಲಾನ್ ದನಿ ತಗ್ಗಿಸಿದಳು. "ಗಾಳಿ ಕೆನೆಯುತ್ತಾ?"

ಬಾಗಿಲ ಒಳಗೆ ಚಹಾ ತಿರುವುತ್ತಿದ್ದ ದುಲ್ಮಾಳ ಕೈಯ ಸೌಟು ನಿಂತಿತು. ಮೂರು ಹಗಲು ಬೀಸಿದ ಹಿಮಗಾಳಿ. ಹೊರಗೆ ಹೋದವರು ತಿರುಗಿ ಬರುವಂತಿರಲಿಲ್ಲ. ಗಾಳಿ ದೂಡಿ ತಂದ ಮರಿ ಉತ್ತರದ ಹಿಂಗೋಡೆಗೆ ತಲೆ ಗುದ್ದುತ್ತಿದ್ದಾಗ, ಮಗುವನ್ನು ಅವುಚಿಕೊಂಡು "ಗಾಳಿ ಕಣೇ, ಗಾಳಿ" ಎಂದವಳು ಅವಳೇ. ಆಮೇಲೆ ಸತ್ತ ಕುರಿ ಕುದುರೆ ಎಣಿಸಲು ಎರಡು ಸಲ ಸರ್ಕಾರಿ ಜೀಪು ಬಂತು. ನಿನಗೇನಾಯಿತು ಎಂದು ಮಗುವನ್ನು ಕೇಳಲು ಒಬ್ಬರೂ ಇಳಿಯಲಿಲ್ಲ. ಅವಳೂ ಕೇಳಲಿಲ್ಲ.

ದುಲ್ಮಾ ಬಂದು ಕುಕ್ಕರಗಾಲಲ್ಲಿ ಕೂತಳು. "ಈ ಮನೇಲಿ ನಾನೆಲ್ಲಿದ್ದೀನೇ?"

ಖುಲಾನ್ ಅಜ್ಜಿಯ ಕಾಲನ್ನು ಗುಮಾನಿಯಿಂದ ನೋಡಿದಳು. "ಮೊದ್ಲು ಬೂಟು ಬಿಚ್ಚು."

ದುಲ್ಮಾ ಬಿಚ್ಚಿದಳು. ಹುಡುಗಿ ಒಂದು ಬೂದಿಗಲ್ಲನ್ನು ಹುಡುಕಿ ಉತ್ತರದ ಬಾಗಿಲ ಬಳಿ ಇಟ್ಟಳು. "ಇಲ್ಲಿ. ಅದು ಗುದ್ದಿದ್ರೆ ನೀನು ತೆಗೀಬೇಕು."

"ತೆಗೀತೀನಿ. ಅವತ್ತು ಗಾಳಿ ಅಲ್ಲ ಕಣೇ. ನಂಗೂ ಕೇಳಿಸಿತ್ತು."

ಖುಲಾನ್ ಅತ್ತಳು. ಸಂಜೆ ಎರಡು ಬಟ್ಟಲು ಸಾರು ಕುಡಿದಳು. ಮಾರನೆಯ ದಿನವೂ ಬಾಗಿಲು ಉತ್ತರಕ್ಕೇ ಇತ್ತು. ದುಲ್ಮಾ ಅದನ್ನು ದಾಟದೆ ಸುತ್ತಿ ಹೋದಳು.

ಓದುತ್ತಿರುವ ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಗೊಂಬೆಯನ್ನು ಮಣ್ಣು ಮಾಡಿ ಅಳುವ, ಕಾಣದ ಗೆಳತಿಗೆ ತಟ್ಟೆ ಇಡುವ ಮಗು ಇದ್ದೀತು. ದೆವ್ವ ಎನ್ನಬೇಡಿ, ಹುಚ್ಚು ಎನ್ನಬೇಡಿ. ತಾಯಿತ ಹುಡುಕಿಕೊಂಡು ಓಡಬೇಡಿ. ಆಡುವ ಮಗು ತನ್ನ ಮನಸ್ಸನ್ನು ತಾನೇ ಸಂತೈಸಿಕೊಳ್ಳುತ್ತಿರುತ್ತದೆ. ಆಟ ನಿಂತುಹೋದರೆ, ಊಟ ನಿದ್ದೆ ಕೆಟ್ಟರೆ, ಒಂದೇ ಹೆದರಿಕೆಯ ಆಟವನ್ನು ವಾರಗಟ್ಟಲೆ ಆಡಿಯೂ ಮಗು ಹಗುರಾಗದಿದ್ದರೆ, ತನ್ನನ್ನೇ ನೋಯಿಸಿಕೊಂಡರೆ, ನಾಚಿಕೆ ಬಿಟ್ಟು ಆರೋಗ್ಯ ಕಾರ್ಯಕರ್ತೆಗೆ ಹೇಳಿ.

ಗುಮಾನಿ ಪಡಲೇಬೇಕೆಂದಿದ್ದರೆ, ಮಕ್ಕಳ ಬಾಯಿ ಮುಚ್ಚಿಸಲು ನಾವು ಹೇಳಿದ ಸುಳ್ಳುಗಳ ಮೇಲೆ ಪಡೋಣ. ಮೊದಲು ಬೂಟು ಬಿಚ್ಚಿ. ನೆಲಕ್ಕೆ ಕೂರಿ. ಬಾಗಿಲು ಯಾಕೆ ಅಲ್ಲಿದೆ ಎಂದು ಮಗುವನ್ನೇ ಕೇಳಿ.