ಮೇಷ್ಟ್ರ ಅಳಿಯ

ಮೇಷ್ಟ್ರು ಆ ಫುಟ್‌ಬಾಲ್ ಕ್ಲಬ್ಬಿಗೆ ಕೋಚ್ ಆಗಿ ಬರುವ ಹೊತ್ತಿಗೆ ಅವರ ಅಳಿಯ ಆಗಲೇ ಅಲ್ಲಿ ಆಡುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ವರ್ಷವಿಡೀ ಜನ ಇದನ್ನು ತಿರುಗಿಸಿಯೇ ಆಡಿಕೊಂಡರು. ಮಾವ ಅಳಿಯನನ್ನು ತಂಡಕ್ಕೆ ತುರುಕಿರಲಿಲ್ಲ. ಹಿಂದಿನ ಸೀಸನ್ನಿನಲ್ಲಿ ತಂಡದಲ್ಲೇ ಹೆಚ್ಚು ಗೋಲು ಹೊಡೆದವನು ಅವನೇ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಕತ್ತು ಮುಂದೆ ಚಾಚಿ, ಎಡಬಲ ನೋಡದೆ ಓಡುತ್ತಿದ್ದ ಅವನಿಗೆ ಅಭಿಮಾನಿಗಳೇ ಪ್ರೀತಿಯಿಂದ ‘ಕುದುರೆ’ ಅಂತ ಹೆಸರಿಟ್ಟಿದ್ದರು. ಮನೆಯಲ್ಲಿ ಹೆಂಡತಿಯೂ ಕೋಪ ಬಂದಾಗ ಹಾಗೇ ಕರೆಯುತ್ತಿದ್ದಳು.

ಮೇಷ್ಟ್ರದು ಬೇರೆ ದಾರಿ. ಅವರು ಆಡುವಾಗ ಅಂಥ ಹೆಸರು ಮಾಡಿದವರಲ್ಲ. ಸಣ್ಣಪುಟ್ಟ ತಂಡಗಳನ್ನು ತಿದ್ದಿ ತೀಡಿ, ಊರಿಂದೂರಿಗೆ ಪೆಟ್ಟಿಗೆ ಹೊತ್ತು, ತಲೆಯೆಲ್ಲ ಬೆಳ್ಳಗಾದ ಮೇಲೆ ದೇಶದ ಮೊದಲ ದರ್ಜೆಯ ಲೀಗಿನಿಂದ ಕರೆ ಬಂದಿತ್ತು. ತಪ್ಪಿಗೆ ರೇಗುತ್ತಿದ್ದರು, ಸರಿಮಾಡಿದರೆ ಸುಮ್ಮನಿರುತ್ತಿದ್ದರು. ಅವರ ಸುಮ್ಮನಿರುವಿಕೆಯೇ ಶಹಬ್ಬಾಸ್‌ಗಿರಿ ಎಂದು ಅವರ ಕೈಕೆಳಗೆ ಆಡಿದವರೆಲ್ಲ ಅರ್ಥ ಮಾಡಿಕೊಂಡಿದ್ದರು.

ಅವರು ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಮಗಳು. ಸ್ಟೇಡಿಯಮ್ಮಿನ ಹಿಂದಿನ ಬೀದಿಯಲ್ಲಿ ಒಂದು ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ. ಅಪ್ಪ ಅಮ್ಮ ಎರಡು ಬಸ್ ಸ್ಟಾಪಿನಾಚೆ ಬಾಡಿಗೆ ಮನೆ ಹಿಡಿದರು. ಮೊದಲ ಭಾನುವಾರ ಎಲ್ಲರೂ ಅಲ್ಲಿ ಊಟಕ್ಕೆ ಕೂತಾಗ ಮೇಷ್ಟ್ರು ಅಳಿಯನ ಕಡೆ ತಿರುಗಿದರು.

“ನೋಡಪ್ಪಾ, ಈ ಬಾಗಿಲೊಳಗೆ ನಾನು ನಿನ್ನ ಮಾವ. ಮೈದಾನದ ಗೇಟು ದಾಟಿದ್ಮೇಲೆ ನೀನ್ಯಾರೋ, ನಾನ್ಯಾರೋ.”

“ಸರಿ ಮಾವ.”

“ಅಲ್ಲಿ ಎಲ್ಲರೆದುರು ಬೈದು ಬಂದು ಇಲ್ಲಿ ‘ಇನ್ನೊಂಚೂರು ಬಡಿಸ್ಕೊಳ್ಳಪ್ಪಾ’ ಅಂದ್ರೆ ನಾನಂತೂ ಬಡಿಸಲ್ಲ,” ಅಂದರು ಅತ್ತೆ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು.

ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲಿ ಕುದುರೆಗೆ ಗೋಲು ಸಿಗಲಿಲ್ಲ. ಎರಡನೆಯದರಲ್ಲಿ ಖಾಲಿ ಗೋಲಿನೆದುರು ಚೆಂಡನ್ನು ಕಂಬದಾಚೆ ಹೊಡೆದ. ಯಾವ ಸ್ಟ್ರೈಕರಿಗೂ ಆಗುವಂಥದ್ದೇ. ಆದರೆ ಮೂರನೇ ಪಂದ್ಯಕ್ಕೆ ಬಂದವರ ಕೈಯಲ್ಲಿ ಒಂದು ದೊಡ್ಡ ಬಟ್ಟೆ ಇತ್ತು. ಅದರ ಮೇಲೆ ಬರೆದಿತ್ತು: ‘ಅಳಿಯಂಗೆ ಪಾಸ್ ಕೊಡ್ರೋ, ಮಾವ ನೋಡ್ತಿದ್ದಾರೆ!’ ಇಡೀ ಸ್ಟ್ಯಾಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನಿಗೆ ಚೆಂಡು ಬಂದಾಗಲೆಲ್ಲ ‘ಅಳಿಯಾ... ಅಳಿಯಾ...’ ಅಂತ ರಾಗ ತೆಗೆಯತೊಡಗಿದರು. ಮಾರನೇ ದಿನ ಒಂದು ಪತ್ರಿಕೆಯವನು ಅದನ್ನೇ ತಲೆಬರಹ ಮಾಡಿದ.

ಕುದುರೆ ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಎರಡು ಗೋಲು ಹೊಡೆದರೆ ಇವರೇ ಹೆಗಲ ಮೇಲೆ ಹೊರುತ್ತಾರೆಂದು ಅವನಿಗೆ ಗೊತ್ತಿತ್ತು. ಹಚ್ಚಿಕೊಂಡವರು ಮೇಷ್ಟ್ರು. ಬದುಕಿಡೀ ಯಾರ ಹಂಗಿಗೂ ಬೀಳದೆ, ಯಾರ ಶಿಫಾರಸಿಗೂ ಸೊಪ್ಪು ಹಾಕದೆ ಬಂದವರು ಅವರು. ನ್ಯಾಯವಂತ ಅನ್ನಿಸಿಕೊಳ್ಳುವುದೊಂದೇ ಅವರು ಗಳಿಸಿದ್ದ ಆಸ್ತಿ. ಆ ಬಟ್ಟೆಯ ಬರಹ ಅದಕ್ಕೇ ಕೈಹಾಕಿತ್ತು.

ಮುಂದಿನ ಪಂದ್ಯಕ್ಕೆ ಕುದುರೆ ಬೆಂಚಿನ ಮೇಲೆ ಕೂತ. ಅದರ ಮುಂದಿನದಕ್ಕೂ. ಅಭ್ಯಾಸದಲ್ಲಿ ಬೇರೆಯವರು ಒಂದು ತಪ್ಪು ಮಾಡಿದರೆ ಇನ್ನೊಮ್ಮೆ ಮಾಡಿಸುತ್ತಿದ್ದ ಮೇಷ್ಟ್ರು, ಅವನು ಮಾಡಿದರೆ ಎಲ್ಲರನ್ನೂ ನಿಲ್ಲಿಸಿ ಬೈಯತೊಡಗಿದರು. ಒಮ್ಮೆ ಬೂಟಿನ ಲೇಸು ಕಿತ್ತುಹೋಗಿ ಸ್ವಲ್ಪ ತಡವಾಗಿ ಬಂದದ್ದಕ್ಕೆ, ಉಳಿದವರು ಸ್ನಾನಕ್ಕೆ ಹೋದಮೇಲೂ ಒಬ್ಬನನ್ನೇ ಮೈದಾನದ ಸುತ್ತ ಓಡಿಸಿದರು. ಹುಲ್ಲು ಕತ್ತರಿಸುವವನು ಮೆಷಿನ್ ನಿಲ್ಲಿಸಿಕೊಂಡು ಕಾಯುತ್ತಿದ್ದ. “ನಾನೂ ಒಬ್ಬ ಅಳಿಯಾನೇ, ಸ್ವಾಮಿ,” ಅಂದ ಅವನು, ಕುದುರೆ ಏದುಸಿರು ಬಿಡುತ್ತ ಹತ್ತಿರ ಬಂದಾಗ. “ನಮ್ಮಾವ ಬರೀ ಮಾತಲ್ಲಿ ಓಡಿಸ್ತಾರೆ.”

ಮನೆಗೆ ಬಂದು ಕುದುರೆ ಇದನ್ನೇ ಹೇಳಿ ನಗುತ್ತಿದ್ದ. ಹೆಂಡತಿಗೆ ನಗು ಬರಲಿಲ್ಲ.

“ನೀವ್ಯಾಕೆ ಒಂದು ಮಾತು ಹೇಳಬಾರದು?”

“ಏನಂತ ಹೇಳ್ಲಿ? ನಾನು ಅಳಿಯ, ಸ್ವಲ್ಪ ನೋಡ್ಕೊಂಡು ಬೈರಿ ಅಂತಲಾ? ಅವರ ಕಷ್ಟ ಅವರಿಗೆ. ಸ್ವಲ್ಪ ದಿನ ಹೋದ್ರೆ ಸರಿಹೋಗುತ್ತೆ.”

ಸರಿಹೋಗಲಿಲ್ಲ. ಅವನಿಲ್ಲದೆ ತಂಡಕ್ಕೆ ಗೋಲು ಹೊಡೆಯುವವರೇ ಇರಲಿಲ್ಲ. ಒಂದಾದಮೇಲೊಂದು ಸೋಲು. ಆ ಲೀಗಿನಲ್ಲಿ ಕೊನೆಯ ಎರಡು ಸ್ಥಾನದ ತಂಡಗಳು ಮುಂದಿನ ವರ್ಷ ಎರಡನೇ ದರ್ಜೆಗೆ ಇಳಿಯಬೇಕು. ಅರ್ಧ ಸೀಸನ್ ಮುಗಿಯುವಾಗ ಇವರು ಕಟ್ಟಕಡೆಗೆ ಬಂದು ಬಿದ್ದಿದ್ದರು. ಕ್ಲಬ್ಬಿನ ಯಜಮಾನರು ಮೇಷ್ಟ್ರನ್ನು ಕರೆಸಿ, “ನಿಮ್ಮ ಮನೆ ಜಗಳ ಮನೇಲಿಟ್ಕೊಳ್ಳಿ. ನನಗೆ ಗೋಲು ಬೇಕು,” ಅಂದರು.

ಕುದುರೆ ಮತ್ತೆ ಆಡಿದ. ಮೊದಲ ಆಟದಲ್ಲೇ ಎರಡು ಗೋಲು. ಅಲ್ಲಿಂದ ತಂಡ ಏಳತೊಡಗಿತು. ಒಂದು ಗೆಲುವು, ಒಂದು ಡ್ರಾ, ಮತ್ತೆ ಗೆಲುವು. ಬಟ್ಟೆ ಹಿಡಿದಿದ್ದವರು ಅದನ್ನೆಲ್ಲೋ ಬಿಸಾಡಿ ಹೊಸ ಘೋಷಣೆ ಕಲಿತರು. ಮೇಷ್ಟ್ರು ಸುಮ್ಮನಿದ್ದರು, ಅಂದರೆ ಮೆಚ್ಚಿದ್ದರು. ಆ ಕೆಲವು ವಾರ ಭಾನುವಾರದ ಊಟಕ್ಕೆ ಮೊದಲಿನ ರುಚಿ ಬಂತು.

ಹೀಗಿರುವಾಗ, ಸೀಸನ್ ಮುಗಿಯಲು ಇನ್ನು ಕೆಲವೇ ಪಂದ್ಯ ಇದೆ ಅನ್ನುವಾಗ, ತಂಡದ ಒಬ್ಬ ಡಿಫೆಂಡರಿಗೆ ಪಕ್ಕೆಲುಬಿಗೆ ಪೆಟ್ಟಾಯಿತು. ಗಿಡ್ಡಗೆ, ಗಟ್ಟಿಯಾಗಿದ್ದ ಅವನನ್ನು ಎಲ್ಲರೂ ‘ಗುಂಡುಕಲ್ಲು’ ಅನ್ನುತ್ತಿದ್ದರು. ಉಸಿರೆಳೆದರೆ ನೋವು ಅಂದ. ಮೇಷ್ಟ್ರು, “ನೋವು ಯಾರಿಗಿಲ್ಲ? ಪಟ್ಟಿ ಬಿಗಿದು ಆಡು,” ಅಂದರು. ಅವನು ಆಡಿದ. ಗುಣವೂ ಆಯಿತು.

ಆಮೇಲಿನ ಪಂದ್ಯದಲ್ಲಿ ಕುದುರೆ ಚೆಂಡಿನ ಹಿಂದೆ ತಿರುಗುವಾಗ ಅವನ ಬಲಗಾಲು ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಮೈ ಒಂದು ಕಡೆ ಹೋಯಿತು, ಮೊಣಕಾಲು ಇನ್ನೊಂದು ಕಡೆ. ಕುಂಟುತ್ತ ಆಚೆ ಬಂದ. ತಂಡದ ಡಾಕ್ಟರು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ಮೇಷ್ಟ್ರಿಗೆ ಹೇಳಿದರು: “ಮೊಣಕಾಲೊಳಗಿನ ಲಿಗಮೆಂಟು ಹರಿಯೋದಕ್ಕೆ ಶುರುವಾಗಿದೆ. ಪೂರ್ತಿ ಹರಿದಿಲ್ಲ. ಈ ಸೀಸನ್ ಬಿಟ್ಟು ಕೂತರೆ ಮುಂದಿನ ಸಲ ಆರಾಮಾಗಿ ಆಡ್ತಾನೆ.”

ಮೇಷ್ಟ್ರು ಆಗಲಿ ಅಂದರು. ಅದು ನಿಜ, ಆ ಕ್ಷಣ ಅವರು ಆಗಲಿ ಅಂದೇ ಅಂದರು. ಡ್ರೆಸ್ಸಿಂಗ್ ರೂಮಿನ ಕಡೆ ನಡೆದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗುಂಡುಕಲ್ಲು ಬೂಟಿನ ಮಣ್ಣು ಕೆರೆಯುತ್ತ ಪಕ್ಕದವನಿಗೆ ಹೇಳುತ್ತಿದ್ದ: “ಕೂರಿಸ್ತಾರೆ ಬಿಡು. ಮಗಳನ್ನ ಕೊಟ್ಟ ಮನೆ ಮೊಣಕಾಲು ಬೇರೆ, ನಮ್ಮ ಪಕ್ಕೆಲುಬು ಬೇರೆ.”

ಮೇಷ್ಟ್ರು ಒಳಗೆ ಹೋಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಡಾಕ್ಟರ ಕೋಣೆಗೆ ಬಂದರು.

“ಇಂಜೆಕ್ಷನ್ ಕೊಟ್ಟರೆ ಆಡಬಹುದಾ?”

“ನೋವು ಗೊತ್ತಾಗಲ್ಲ. ಆದರೆ ಒಳಗೆ ಆಗೋದು ಆಗ್ತಾನೇ ಇರುತ್ತೆ.”

“ಆಡಬಹುದಾ ಅಂತ ಕೇಳಿದೆ.”

ಡಾಕ್ಟರು ಭುಜ ಹಾರಿಸಿದರು. “ಅವನು ಒಪ್ಪಿದರೆ.”

ಅವನು ಒಪ್ಪಿದ. ಹೆಂಡತಿಗೆ ಅರ್ಥವಾಗದೇ ಹೋದದ್ದು ಇದೇ. ಮಂಚದ ಮೇಲೆ ಕಾಲು ಚಾಚಿ, ಐಸಿನ ಚೀಲ ಇಟ್ಟುಕೊಂಡಿದ್ದ ಗಂಡನನ್ನು ಅವಳು ಕೇಳಿದಳು, “ಆಗಲ್ಲ ಅನ್ನೋಕೆ ನಿಮಗೇನು ಧಾಡಿ?”

“ನಾನು ಕೂತರೆ ಜನ ಅಂದಿದ್ದೆಲ್ಲ ನಿಜ ಆಗುತ್ತೆ ಕಣೇ. ವರ್ಷಪೂರ್ತಿ ಬೈಸಿಕೊಂಡಿದ್ದೂ ದಂಡ.”

“ಯಾರು ಏನಂದರೆ ಏನು? ಕಾಲು ನಿಮ್ಮದು.”

“ಹೆಸರೂ ನಂದೇ,” ಅಂದ ಅವನು.

ಮರುದಿನ ಅವಳು ಅಂಗಡಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಸ್ಟೇಡಿಯಮ್ಮಿಗೆ ಹೋದಳು. ಮೇಷ್ಟ್ರ ಕೋಣೆ ಸ್ಟ್ಯಾಂಡಿನ ಮೆಟ್ಟಿಲ ಕೆಳಗಿತ್ತು. ಇಳಿಜಾರು ಛಾವಣಿ, ಒಂದು ಮೇಜು, ಮೂಲೆಯಲ್ಲಿ ಬಲೆಯೊಳಗೆ ಚೆಂಡುಗಳು, ಗೋಡೆಗೆ ಬಿಳಿ ಹಲಗೆ. ಹಲಗೆಯ ಮೇಲೆ ಆಟಗಾರನಿಗೊಂದರಂತೆ ಹನ್ನೊಂದು ಅಯಸ್ಕಾಂತದ ಗುಂಡಿಗಳು. ಅವಳು ಚಿಕ್ಕವಳಿದ್ದಾಗ ಅಂಥ ಗುಂಡಿಗಳನ್ನು ಕದ್ದು ಫ್ರಿಜ್ಜಿಗೆ ಅಂಟಿಸಿ ಬೈಸಿಕೊಂಡವಳು.

“ಅಪ್ಪಾ, ಅವರನ್ನ ಆಡಿಸಬೇಡ.”

“ಮನೇಲಿ ಮಾತಾಡೋಣ.”

“ಮನೇಲಿ ನೀನು ಮೈದಾನದ ಮಾತು ಇಲ್ಲಿ ಬೇಡ ಅಂತೀಯ. ಇಲ್ಲಿ ಬಂದರೆ ಮನೆ ಮಾತು ಅಂತೀಯ. ನಾನೆಲ್ಲಿ ನಿಂತು ಕೇಳಲಿ?”

ಅವಳು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

“ಡಾಕ್ಟರು ಏನಂದರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಒಂದೇ ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ಅವರು ನಿನ್ನ ಅಳಿಯ ಅಲ್ಲದೇ ಹೋಗಿದ್ರೆ, ಯಾರೋ ಒಬ್ಬ ಸ್ಟ್ರೈಕರ್ ಆಗಿದ್ರೆ, ಕೂರಿಸ್ತಿದ್ದೆಯೋ ಇಲ್ಲವೋ?”

ಹೊರಗೆ ಯಾರೋ ಪೈಪಿನಲ್ಲಿ ಸ್ಟ್ಯಾಂಡು ತೊಳೆಯುತ್ತಿದ್ದರು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಬೀಳುವ ಸದ್ದು ತಲೆಯ ಮೇಲೇ ಕೇಳುತ್ತಿತ್ತು.

“ಕೂರಿಸ್ತಿದ್ದೆ,” ಅಂದರು ಮೇಷ್ಟ್ರು.

ಅವಳು ಅಪ್ಪನ ಮುಖವನ್ನೇ ನೋಡಿದಳು. ಆ ಉತ್ತರ ಕೇಳಿದ ಮೇಲೆ ಜಗಳ ಆಡಲೂ ಅವಳಿಗೆ ಏನೂ ಉಳಿಯಲಿಲ್ಲ. “ಹಾಗಾದರೆ ನನ್ನನ್ನ ಮದುವೆ ಆಗಿದ್ದೇ ಅವರ ತಪ್ಪು,” ಅಂತ ಎದ್ದಳು.

“ಹಾಗಲ್ಲ ಮಗಳೇ. ನಾಳೆ ಈ ಹುಡುಗರ ಮುಖ ನಾನು ಹೇಗೆ ನೋಡಲಿ? ಇನ್ನೊಬ್ಬನಿಗೆ ‘ಆಡು’ ಅಂತ ಯಾವ ಬಾಯಲ್ಲಿ ಹೇಳಲಿ?”

“ನನ್ನ ಮುಖ ಹೇಗೆ ನೋಡ್ತೀಯ ಅಂತ ಯೋಚನೆ ಮಾಡಿದ್ಯಾ?” ಅಂದವಳು ಉತ್ತರಕ್ಕೆ ನಿಲ್ಲದೆ ಹೊರಟುಹೋದಳು.

ಇಂಜೆಕ್ಷನ್ನಿನ ಮೇಲೆ ಕುದುರೆ ಎಲ್ಲ ಪಂದ್ಯವನ್ನೂ ಆಡಿದ. ಓಟ ಮೊದಲಿನದಲ್ಲ, ಒಂದೇ ಒಂದು ಗೋಲು ಬಂತು. ಪಂದ್ಯ ಮುಗಿದು ಔಷಧಿ ಇಳಿದ ಮೇಲೆ ಬಾತುಕೊಂಡ ಮೊಣಕಾಲಿಂದ ಪ್ಯಾಂಟು ಕಳಚಲಾಗದೆ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಬಂದು ಕಳಚುತ್ತಿದ್ದಳು.

ಕೊನೆಯ ಪಂದ್ಯದ ಹೊತ್ತಿಗೆ ಲೆಕ್ಕ ಸುಲಭವಾಗಿತ್ತು. ಇವರು ಗೆದ್ದರೆ ಉಳಿಯುತ್ತಾರೆ. ಇವರಿಗಿಂತ ಒಂದೇ ಮೆಟ್ಟಿಲು ಕೆಳಗಿದ್ದ ತಂಡ ಬೇರೆ ಊರಿನಲ್ಲಿ ಅದೇ ಹೊತ್ತಿಗೆ ಆಡುತ್ತಿತ್ತು. ಅದು ಸೋತರೆ ಇವರು ಸೋತರೂ ಉಳಿಯುತ್ತಾರೆ. ಆದರೆ ಅದು ಸೋಲುತ್ತದೆಂದು ಯಾರೂ ಎಣಿಸಿರಲಿಲ್ಲ.

ಅತ್ತೆಯೂ ಮಗಳೂ ಸ್ಟೇಡಿಯಮ್ಮಿಗೆ ಹೋಗಲಿಲ್ಲ. ಮಗಳ ಮನೆಯಲ್ಲೇ ಟಿವಿ ಮುಂದೆ ಕೂತಿದ್ದರು. ಎದುರಾಳಿ ಮೊದಲೇ ಒಂದು ಗೋಲು ಹೊಡೆದಿತ್ತು. ಅರ್ಧ ಆಟ ಕಳೆದ ಸ್ವಲ್ಪ ಹೊತ್ತಿಗೆ ಕುದುರೆಗೆ ಒಂದು ಉದ್ದನೆಯ ಪಾಸ್ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಅವನು ಕತ್ತು ಚಾಚಿ ಓಡಿದ. ಯಾರೂ ಅವನನ್ನು ಮುಟ್ಟಲಿಲ್ಲ. ಹೊಡೆಯಲೆಂದು ಬಲಗಾಲು ಊರಿದ್ದೇ ತಡ, ಕಾಲೇ ಇಲ್ಲವೇನೋ ಅನ್ನುವಂತೆ ಕುಸಿದ. ಚೆಂಡು ತನ್ನಷ್ಟಕ್ಕೆ ಉರುಳಿಕೊಂಡು ಗೋಲ್‌ಕೀಪರನ ಕೈಸೇರಿತು.

“ಅಯ್ಯೋ ನನ್ನಪ್ಪಾ,” ಅಂದರು ಅತ್ತೆ. ಮಗಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಅವನನ್ನು ಸ್ಟ್ರೆಚರಿನಲ್ಲಿ ಮೈದಾನದ ಅಂಚಿಗೆ ತಂದು ಕಾಲಿಗೆ ಹಲಗೆ ಕಟ್ಟುತ್ತಿದ್ದಾಗ ಸ್ಟ್ಯಾಂಡಿನಿಂದ ದೊಡ್ಡ ಕೂಗು ಎದ್ದಿತು. ಇಲ್ಲಿ ಗೋಲೇನೂ ಆಗಿರಲಿಲ್ಲ. ಬೇರೆ ಊರಿನ ಸುದ್ದಿ ಫೋನುಗಳಿಗೆ ಬಂದಿತ್ತು: ಆ ತಂಡ ಮೂರು ಗೋಲಿನಿಂದ ಹಿಂದೆ ಬಿದ್ದಿದೆ. ಅಲ್ಲಿಂದಾಚೆ ಯಾರೂ ಆಟ ನೋಡಲಿಲ್ಲ. ಇವರು ಆ ಒಂದು ಗೋಲಿನಿಂದ ಸೋತರು, ಆ ತಂಡ ಇನ್ನೂ ಕೆಟ್ಟದಾಗಿ ಸೋತಿತು, ಇವರು ಉಳಿದರು. ಆ ದಿನ ಕುದುರೆ ಆಡಿದ್ದರೂ ಅಷ್ಟೇ, ಆಡದಿದ್ದರೂ ಅಷ್ಟೇ ಆಗುತ್ತಿತ್ತು.

ಜನ ಬೇಲಿ ಹಾರಿ ಒಳಗೆ ನುಗ್ಗಿದರು. ಆಂಬ್ಯುಲೆನ್ಸಿಗೆ ದಾರಿ ಸಿಗಲಿಲ್ಲ. ಸ್ಟ್ರೆಚರಿನ ಪಕ್ಕ ನಿಂತು ದಾರಿ ಬಿಡಿ, ದಾರಿ ಬಿಡಿ ಅಂತ ಗಂಟಲು ಹರಿದುಕೊಂಡವನು ಗುಂಡುಕಲ್ಲು ಒಬ್ಬನೇ. ಮೇಷ್ಟ್ರು ಅತ್ತ ಹೊರಟಿದ್ದರು, ಆದರೆ ಜನ ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅವರು ಕೈಯಾಡಿಸುತ್ತಿದ್ದದ್ದು ಕೆಳಗಿಳಿಸಿ ಅನ್ನುವುದಕ್ಕೆ. ಟಿವಿಯಲ್ಲಿ ಅದು ಸಂಭ್ರಮದ ಹಾಗೆ ಕಂಡಿತು. ಕೊನೆಗೆ ಇಳಿದಾಗ ಒಬ್ಬ ಮೈಕು ಹಿಡಿದು ಕೇಳಿದ: “ಗಾಯ ಇದ್ದರೂ ಅಳಿಯನನ್ನ ಆಡಿಸಿದ್ರಿ. ಕಷ್ಟ ಆಗಲಿಲ್ಲವಾ ಸರ್?”

“ನನಗೆ ಹನ್ನೊಂದು ಜನರೂ ಒಂದೇ,” ಅಂದರು ಮೇಷ್ಟ್ರು. ಮರುದಿನ ಎಲ್ಲ ಪತ್ರಿಕೆಗಳೂ ಅವರನ್ನು ಹೊಗಳಿದವು.

ಕುದುರೆಗೆ ಎರಡು ಸಲ ಆಪರೇಷನ್ ಆಯಿತು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಆಟ ಮರೆತುಬಿಡು ಅಂದರು ಡಾಕ್ಟರು. ಮೇಷ್ಟ್ರು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಬಹಳ ಹೊತ್ತು ಕೂತರು. “ಬಿಡಿ ಮಾವ, ನಾನೇ ತಾನೆ ಒಪ್ಪಿದ್ದು,” ಅಂದ ಅಳಿಯ. ಮಗಳು ಕಿಟಕಿಯ ಕಡೆ ಮುಖ ಮಾಡಿ ನಿಂತವಳು ತಿರುಗಲಿಲ್ಲ.

ಕ್ಲಬ್ಬು ಹೂವು ಕಳಿಸಿ ಒಪ್ಪಂದ ಮುಗಿಸಿತು. ಮೇಷ್ಟ್ರನ್ನು ಉಳಿಸಿಕೊಂಡಿತು. ಕುದುರೆ ತನ್ನಣ್ಣನ ಟೈರ್ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರತೊಡಗಿದ. ಮೊದಮೊದಲು ಅವನನ್ನು ನೋಡಲೆಂದೇ ಗಿರಾಕಿಗಳು ಬಂದರು. ಆಮೇಲೆ ಟೈರು ಬೇಕಾದವರು ಮಾತ್ರ ಬಂದರು.

ಹೊಸ ಸೀಸನ್ನಿಗೆ ಹೊರಗಿನಿಂದ ಒಬ್ಬ ಸ್ಟ್ರೈಕರ್ ಬಂದ. ಚೆನ್ನಾಗಿಯೇ ಆಡುತ್ತಿದ್ದ. ಒಂದು ದೊಡ್ಡ ಪಂದ್ಯದ ಹಿಂದಿನ ದಿನ ತೊಡೆ ಹಿಡಿದುಕೊಂಡಿದೆ ಅಂದ, ಮೇಷ್ಟ್ರು ಅವನನ್ನು ಕೂರಿಸಿದರು. ತಂಡ ಸೋತಿತು. ಸಂಜೆ ಟೈರ್ ಅಂಗಡಿ ಮುಚ್ಚುವ ಮುಂಚೆ ಗೋಡೆಯ ಟಿವಿಯಲ್ಲಿ ಮೇಷ್ಟ್ರು ಹೇಳುತ್ತಿದ್ದರು: “ಪಂದ್ಯ ಇವತ್ತು ಬರುತ್ತೆ, ನಾಳೆ ಬರುತ್ತೆ. ಹುಡುಗನ ಮೈ ಅದಕ್ಕಿಂತ ದೊಡ್ಡದು.”

“ನಿಮ್ಮಾವ ದೇವರಂಥ ಮನುಷ್ಯ ಕಣ್ರೀ,” ಅಂದ ಟೈರು ಹಾಕಿಸಿಕೊಳ್ಳಲು ಕಾದಿದ್ದ ಲಾರಿ ಡ್ರೈವರ್.

“ಹೌದು,” ಅಂದ ಕುದುರೆ.

ಅವನು ಮನೆಗೆ ಬಂದಾಗ ಹೆಂಡತಿ ಫೋನಿನಲ್ಲಿದ್ದಳು. ಆ ಕಡೆ ಅಪ್ಪ.

“ಟಿವಿಲಿ ನೋಡಿದೆ ಅಪ್ಪಾ... ನೀನು ಚೆನ್ನಾಗೇ ಹೇಳಿದೆ.”

ಅವರು ಏನೋ ಹೇಳಿದರು. ಅವನ ಕಾಲು ನನಗೆ ಬುದ್ಧಿ ಕಲಿಸಿತು ಮಗಳೇ, ಅಂದಿರಬೇಕು. ಅವಳ ಧ್ವನಿ ಏರಲಿಲ್ಲ.

“ಕಲಿತಿದ್ದು ನೀನು, ಕುಂಟ್ತಿರೋದು ಅವರು. ಇಡ್ತೀನಿ.”

ಕುದುರೆ ಬಾಗಿಲ ಹತ್ತಿರ ಗೋಡೆ ಹಿಡಿದು ಬೂಟು ಬಿಚ್ಚುತ್ತಿದ್ದ. “ಏನಂತೆ?”

“ಏನಿಲ್ಲ. ಭಾನುವಾರ ಬರ್ತೀನಿ ಅಂದ್ರು.”

“ಬರಲಿ ಬಿಡು. ವಯಸ್ಸಾದವರು.”

“ಬೇಡ,” ಅಂದಳು ಅವಳು. “ಅಮ್ಮ ಒಬ್ಬಳೇ ಬರಲಿ.” ಹಾಗಂದು ಅವನಿಗೆ ಕೂರಲು ಕುರ್ಚಿ ಸರಿಸಿ, ಬಿಸಿನೀರಿಡಲು ಒಳಗೆ ಹೋದಳು.