ಒಂದೇ ಬಟ್ಟೆಗೆ ಎರಡು ಸಲ

ನಾನು ಒಂದು ಗಿಟಾರು. ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನಲ್ಲಿ, ಒಬ್ಬ ಮುಂಗೋಪಿ ಬಡಗಿಯ ಕೈಯಲ್ಲಿ. ಸ್ವಭಾವವೂ ಅವನದೇ ಬಂದಿದೆ. ಸುಮ್ಮಸುಮ್ಮನೆ ಯಾರಾದರೂ ತಂತಿ ಕೆರೆದರೆ ಮೈಯೆಲ್ಲ ಉರಿಯುತ್ತದೆ.

ನನ್ನನ್ನು ಕೊಂಡವಳು ಮೋರಗ್. ಪಶ್ಚಿಮದ ದ್ವೀಪದ ಹುಡುಗಿ, ಹಾಡು ಕಟ್ಟುವ ಹುಚ್ಚು ಹಿಡಿದವಳು. ಬಿಡುವು ಸಿಕ್ಕಿತೆಂದರೆ ನನ್ನನ್ನು ಬೆನ್ನಿಗೇರಿಸಿಕೊಂಡು, ಹಡಗು ಹತ್ತಿ, ಅಜ್ಜಿ ಎಫಿಯ ಮನೆಗೆ ಓಡುತ್ತಿದ್ದಳು. ಎಫಿಯ ಕಾಲದಲ್ಲಿ ಅಲ್ಲಿನ ಹೆಂಗಸರು ಹೊಸದಾಗಿ ನೇಯ್ದ ಉಣ್ಣೆಬಟ್ಟೆಯನ್ನು ನೆನೆಸಿ, ಹಲಗೆಯ ಸುತ್ತ ಕೂತು, ಹಾಡುತ್ತಾ ಬಡಿದು ಹದ ಮಾಡುತ್ತಿದ್ದರಂತೆ. ಅದಕ್ಕೊಂದು ಕಟ್ಟುನಿಟ್ಟು: ಆ ಬಟ್ಟೆ ಮುಗಿಯುವವರೆಗೆ ಒಮ್ಮೆ ಹಾಡಿದ ಹಾಡನ್ನು ಮತ್ತೆ ಹಾಡುವಂತಿಲ್ಲ. ಹಾಡಿದರೆ ಅಪಶಕುನ.

ಆ ಬಡಿತದ ಲಯಕ್ಕೆ ಮೋರಗ್ ಒಂದು ಹಾಡು ಕಟ್ಟಿದಳು, 'ಉಪ್ಪುಗಾಳಿ'. ಅಯ್ಯೋ, ಅದ್ಯಾವ ಗಳಿಗೆಯಲ್ಲಿ ಕಟ್ಟಿದಳೋ! ರೇಡಿಯೋದಲ್ಲಿ ಅದೇ, ಟೀವಿಯಲ್ಲಿ ಅದೇ, ಮದುವೆಮನೆಯಲ್ಲಿ ಅದೇ. ಮೊದಮೊದಲು ನಾನೂ ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ. ಊರೂರು ಸುತ್ತಿದೆವು. ಅವಳು ಹೊಸ ಹಾಡು ಎತ್ತಿಕೊಂಡರೆ ಜನ ತಮ್ಮ ತಮ್ಮಲ್ಲೇ ಮಾತಿಗೆ ತೊಡಗುವರು. ಉಪ್ಪುಗಾಳಿ ಬಂದರೆ ಎದ್ದು ಕುಣಿಯುವರು, ಮುಗಿದರೆ ಇನ್ನೊಮ್ಮೆ ಎನ್ನುವರು. ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದ ಕೀತ್, ಹೊಸದನ್ನೆಲ್ಲ ಮನೆಯಲ್ಲಿ ಹಾಡಿಕೋ ಎಂದುಬಿಟ್ಟ. ಇತ್ತ ಎಫಿ ಫೋನಿನಲ್ಲಿ, ಹೊಸದೆಲ್ಲೇ ಎಂದು ಕೇಳುವಳು. ಹೋಟೆಲ್ ಕೋಣೆಯಲ್ಲಿ ಹೊಸದಕ್ಕೆಂದು ಕೂತರೆ ಅವಳ ಬೆರಳು ಹಳೆಯ ಜಾಡಿಗೇ ಜಾರತೊಡಗಿತು. ನನ್ನ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ನಾನಾದರೂ ಏನು ಮಾಡಲಿ?

ಎಷ್ಟೋ ವರ್ಷಗಳ ಮೇಲೆ ಒಂದು ಹಾಡು ಹುಟ್ಟಿತು, ಎಫಿಯ ಕುರಿತೇ. ಅಜ್ಜಿಗೆ ಆಗ ಕಣ್ಣು ಮಂಜು, ಇಂದೋ ನಾಳೆಯೋ ಎನ್ನುವ ಸ್ಥಿತಿ. ಅವಳ ಕಿವಿಗೆ ಇದು ಬಿದ್ದರೆ ಸಾಕೆಂದು ಮೋರಗ್ ದ್ವೀಪದಲ್ಲೇ ಹಾಡಲು ಹೊರಟಳು. ಎಫಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಜನ ಕೇಳುವ ಮೊದಲೇ ಮೋರಗ್ ಉಪ್ಪುಗಾಳಿಯನ್ನು ಹಾಡಿ ಮುಗಿಸಿ, ಹೊಸದನ್ನು ಎತ್ತಿಕೊಂಡಳು. ಅರ್ಧ ಆಗಿತ್ತೋ ಇಲ್ಲವೋ, ಹಿಂದಿನಿಂದ ಯಾರೋ ಉಪ್ಪುಗಾಳಿ ಎಂದು ಕೂಗಿದರು. ನೋಡನೋಡುತ್ತಾ ಇಡೀ ಸಭೆ ಕಾಲು ಕುಟ್ಟತೊಡಗಿತು. ಅವಳದೇ ಜನ! ಅವಳು ಹಾಡು ನಿಲ್ಲಿಸಿದಳು. ಆಮೇಲೆ ಉಪ್ಪುಗಾಳಿಯನ್ನೇ ಮತ್ತೆ ನುಡಿಸಿದಳು.

ಎಫಿ ಎದ್ದು ನಿಂತಳು. "ಈ ಬಟ್ಟೆ ಕೆಟ್ಟಿತು, ಮಗಳೇ," ಎಂದು ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಉಳಿದರ್ಧ ಕೇಳಿಸುತ್ತೇನೆಂದು ಮೋರಗ್ ಮನೆಯಲ್ಲಿ ಅವಳ ಮುಂದೆ ಕೂತರೆ ಒಂದು ಸಾಲೂ ಹಾಡಲಾಗಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಎಫಿ ತೀರಿಕೊಂಡಳು. ಮೋರಗ್ ನನ್ನನ್ನು ಮಾರಿಬಿಟ್ಟಳು.

ಈಗ ನಾನು ಗ್ಲಾಸ್ಗೋದ ಹಳೇ ಸಾಮಾನಿನ ಅಂಗಡಿಯೊಂದರ ಗೋಡೆಯ ಮೇಲಿದ್ದೇನೆ. ಮೈ ಬಿರುಕು ಬಿಟ್ಟಿದೆ. ಇಳಿಸಿಕೊಂಡವರೆಲ್ಲ ನುಡಿಸುವುದು ಉಪ್ಪುಗಾಳಿಯನ್ನೇ, ಅದೂ ತಪ್ಪುತಪ್ಪಾಗಿ.

ಮೊನ್ನೆ ತಲೆ ನರೆತವಳೊಬ್ಬಳು ಬಂದು ನನ್ನನ್ನು ತೊಡೆಯ ಮೇಲಿಟ್ಟುಕೊಂಡಳು. ಬೆರಳು ತಾಗಿದ್ದೇ ತಡ, ಗುರುತು ಸಿಕ್ಕಿತು. ಮೋರಗ್! ನನಗೆ ಹೋದ ಜೀವ ಬಂದಂತಾಯಿತು. ಎಫಿಯ ಹಾಡನ್ನು ಕೊನೆಯವರೆಗೆ ಬಲ್ಲವರು ನಾವಿಬ್ಬರೇ ಅಲ್ಲವೇ? ಅವಳು ಕಣ್ಣು ಮುಚ್ಚಿ ಮೀಟಿದಳು.

ಉಪ್ಪುಗಾಳಿ. ಬಿಸಿ ತಾಗಿದವಳ ಹಾಗೆ ಕೈ ತೆಗೆದಳು. ಇನ್ನೊಮ್ಮೆ ಬೆರಳಿಟ್ಟಳು. ಮತ್ತೆ ಅದೇ.

"ಬೇರೇನೂ ಬರ್ತಿಲ್ಲ," ಎಂದು ಅಂಗಡಿಯವನಿಗೆ ಹೇಳಿ, ತಾನೇ ನನ್ನನ್ನು ಗೋಡೆಗೆ ತೂಗುಹಾಕಿ ಹೋದಳು.

ಎಫಿಯ ಹಾಡು ನನ್ನೊಳಗೆ ಇನ್ನೂ ಪೂರ್ತಿ ಇದೆ. ನಾನಾಗಿ ನುಡಿಯಲಾರೆ.